ಜಿಆರ್‌ಎನ್, ಲೀಡ್ ಟೈಮ್, ಎಂಆರ್‌ಪಿ: ಇಆರ್‌ಪಿ ಪದಗಳನ್ನ ಎಲ್ಲಿಂದ ಶುರು ಮಾಡೋದು?

ಹೊಸಬ_ಪರ್ಚೇಸ್:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಪಂಪ್ ಕಂಪನಿಯ ಪರ್ಚೇಸ್ ವಿಭಾಗಕ್ಕೆ ಸೇರಿದ್ದೀನಿ. ಇಷ್ಟು ವರ್ಷ ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿ ನಡೀತಿದ್ದ ಕೆಲಸವನ್ನ ಈಗ ಎಸ್‌ಎಪಿಗೆ, ಅಂದ್ರೆ ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸೋ ಇಆರ್‌ಪಿ ಸಾಫ್ಟ್‌ವೇರ್‌ಗೆ, ಹಾಕ್ತಿದ್ದಾರೆ. ಕನ್ಸಲ್ಟೆಂಟ್‌ಗಳ ಮೀಟಿಂಗ್‌ನಲ್ಲಿ ಕೂತರೆ ಪಿಆರ್, ಜಿಆರ್, ಐಆರ್, ಎಂಆರ್‌ಪಿ, ಸೇಫ್ಟಿ ಸ್ಟಾಕ್, ಲ್ಯಾಂಡೆಡ್ ಕಾಸ್ಟ್ ಅಂತ ಮಾತಾಡ್ತಾನೇ ಇರ್ತಾರೆ. ನೆಟ್‌ನಲ್ಲಿ ಸಿಕ್ಕ ಪಟ್ಟಿಯನ್ನ ಬಾಯಿಪಾಠ ಮಾಡಿದೆ. ಮೀಟಿಂಗ್‌ನಲ್ಲಿ ಅದು ಒಂದೂ ಉಪಯೋಗಕ್ಕೆ ಬರಲಿಲ್ಲ. ಅನುಭವ ಇರೋರು ಸ್ವಲ್ಪ ದಾರಿ ತೋರಿಸಿ.

ಸ್ಟೋರ್ಸ್‌ರಾಯ:
ತಮ್ಮಾ, ಆ ಪಟ್ಟಿ ಬದಿಗಿಡು. ನಿಮ್ಮ ಕಂಪನಿ ಗೇಟಿಗೆ ಒಂದು ಟೆಂಪೊ ಬಂದು ನಿಂತಾಗ ಏನೇನಾಗುತ್ತೆ ಅಂತ ನಿಂತು ನೋಡು. ಅರ್ಧ ಪದಗಳು ಅಲ್ಲೇ ಸಿಗ್ತವೆ. ಪ್ರತಿ ಪದಕ್ಕೂ ಒಂದೇ ಪ್ರಶ್ನೆ ಕೇಳ್ಕೋ: ಈ ಗಳಿಗೇಲಿ ಮಾಲು ಯಾರದು, ದುಡ್ಡು ಯಾರು ಕೊಡಬೇಕು, ಹಾಳಾದರೆ ಯಾರ ತಲೆಗೆ?

ಉದಾಹರಣೆಗೆ ನೀವು ಮೆಕ್ಯಾನಿಕಲ್ ಸೀಲ್‌ಗೆ ಪಿಒ, ಅಂದ್ರೆ ಪರ್ಚೇಸ್ ಆರ್ಡರ್, ಹಾಕಿದ್ದೀರಿ ಅಂದ್ಕೋ. 500 ನಗ, ನಗಕ್ಕೆ 120 ರೂಪಾಯಿ. ಪಿಒ ಹಾಕಿದ ದಿನ ಲೆಕ್ಕದ ಪುಸ್ತಕದಲ್ಲಿ ಏನೂ ಆಗಲ್ಲ, ಅದು ಮಾತುಕೊಟ್ಟ ಕಾಗದ ಅಷ್ಟೇ. ಅದಕ್ಕೂ ಮುಂಚಿನ ಪಿಆರ್ (ಪರ್ಚೇಸ್ ರಿಕ್ವಿಸಿಷನ್), ನಮ್ಮ ಕಾಲದವರು ಇಂಡೆಂಟ್ ಅಂತೀವಲ್ಲ ಅದು, ಕಂಪನಿಯೊಳಗಿನ ಕೋರಿಕೆ. ವೆಂಡರ್‌ಗೆ ಅದರ ಗಾಳಿಯೂ ತಾಗಲ್ಲ.

ಗಾಡಿ ಬಂತು. ಸೆಕ್ಯುರಿಟಿಯವನು ಗಾಡಿ ನಂಬರ್, ಇನ್‌ವಾಯ್ಸ್ ನಂಬರ್, ಟೈಮ್ ಬರೆದು ಇನ್‌ವರ್ಡ್ ಸೀಲ್ ಒತ್ತಿದ. ಇದು ಗೇಟ್ ಎಂಟ್ರಿ. ಡಬ್ಬಿ ಒಳಗೆ ಬಂತು ಅನ್ನೋದಕ್ಕೆ ಸಾಕ್ಷಿಯೇ ಹೊರತು ಮಾಲು ಒಪ್ಪಿಕೊಂಡ ಹಾಗಲ್ಲ. ಸ್ಟೋರ್ಸ್‌ನಲ್ಲಿ ಎಣಿಸಿದರೆ 480 ಇದೆ. ಗುಣಮಟ್ಟ ಪರೀಕ್ಷಿಸೋ ಕ್ಯೂಸಿಯವರು ನೋಡಿ 10 ಸೀಲ್‌ನ ಕಾರ್ಬನ್ ಫೇಸ್ ಒಡೆದಿದೆ ಅಂತ ಕೆಂಪು ಟ್ಯಾಗ್ ಕಟ್ಟಿದರು. ಈಗ ಜಿಆರ್‌ಎನ್‌ನಲ್ಲಿ, ಅಂದ್ರೆ ಮಾಲು ಬಂದದ್ದಕ್ಕೆ ಸ್ಟೋರ್ಸ್ ಬರೆಯೋ ಗೂಡ್ಸ್ ರಿಸೀಟ್ ನೋಟ್‌ನಲ್ಲಿ, ಮೂರು ಅಂಕಿ ಕಾಣಬೇಕು: ಇನ್‌ವಾಯ್ಸ್ ಪ್ರಕಾರ 500, ಬಂದದ್ದು 480, ಒಪ್ಪಿದ್ದು 470. ಎಷ್ಟೋ ಕಡೆ ಲೈನ್ ನಿಂತಿದೆ ಅನ್ನೋ ಗಡಿಬಿಡೀಲಿ 500ಕ್ಕೇ ಜಿಆರ್‌ಎನ್ ಹೊಡೀತಾರೆ, ‘ಆಮೇಲೆ ಸರಿ ಮಾಡೋಣ’ ಅಂತ. ಆ ಆಮೇಲೆ ಅನ್ನೋದು ಬರೋದೇ ಇಲ್ಲ. ಮಾರ್ಚ್‌ನಲ್ಲಿ ಸ್ಟಾಕ್ ಎಣಿಸಿದಾಗ 30 ನಗ ಶಾರ್ಟೇಜ್, ಸ್ಟೋರ್ಸ್‌ನವನು ಕಳ್ಳ.

ಪಿಒ, ಜಿಆರ್‌ಎನ್, ಇನ್‌ವಾಯ್ಸ್ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡೋದು ತ್ರೀ ವೇ ಮ್ಯಾಚ್. ದರಕ್ಕೆ ಪಿಒ ಮಾತೇ ಕೊನೆ, ಸಂಖ್ಯೆಗೆ ಜಿಆರ್‌ಎನ್ ಮಾತೇ ಕೊನೆ. ಇನ್‌ವಾಯ್ಸ್ ಇವೆರಡಕ್ಕೂ ಹೊಂದದಿದ್ದರೆ ಪೇಮೆಂಟ್ ಬ್ಲಾಕ್.

ಲೆಕ್ಕದಕ್ಕ:
ರಾಯರು ನಿಲ್ಲಿಸಿದಲ್ಲಿಂದ ನಾನು ಹಿಡ್ಕೋತೀನಿ. ವೆಂಡರ್ ಬಿಲ್ 60,000, ಶೇ 18 ಜಿಎಸ್‌ಟಿ ಅಂದ್ರೆ 10,800, ಒಟ್ಟು 70,800. ನಾವು ಒಪ್ಪಿದ್ದು 470 ಮಾತ್ರ. ಹಾಗಾಗಿ 30 ನಗಕ್ಕೆ 3,600 ಮತ್ತು ಅದರ ತೆರಿಗೆ 648 ಸೇರಿ 4,248ಕ್ಕೆ ಡೆಬಿಟ್ ನೋಟ್. ಕೊಡಬೇಕಾದ್ದು 66,552. ಇಲ್ಲೊಂದು ಎಚ್ಚರಿಕೆ: ನಾವು ಕಳಿಸೋ ಡೆಬಿಟ್ ನೋಟ್ ನಮ್ಮ ಪುಸ್ತಕದ ಮಾತು. ಜಿಎಸ್‌ಟಿಯಲ್ಲಿ ತೆರಿಗೆ ಇಳಿಯಬೇಕಾದರೆ ವೆಂಡರ್ ಕಡೆಯಿಂದ ಕ್ರೆಡಿಟ್ ನೋಟ್ ಬರಲೇಬೇಕು. ಅದರ ಬೆನ್ನು ಹತ್ತೋದು ಪರ್ಚೇಸ್‌ನವರ ಕೆಲಸ, ಅಂದ್ರೆ ನಿನ್ನದು ಮರಿ.

ಇನ್ನು ಜಿಆರ್‌ಐಆರ್ ಖಾತೆ. ಜಿಆರ್ ಅಂದ್ರೆ ಮಾಲು ಬಂದ ಎಂಟ್ರಿ, ಐಆರ್ ಅಂದ್ರೆ ಬಿಲ್ ಬಂದ ಎಂಟ್ರಿ. ಮಾಲು ಮಾರ್ಚ್ 28ಕ್ಕೆ ಬಂತು, ಬಿಲ್ ಏಪ್ರಿಲ್ 5ಕ್ಕೆ ಬಂತು ಅಂತಿಟ್ಕೋ. ಮಾರ್ಚ್ 31ರ ರಾತ್ರಿ ಸ್ಟಾಕ್ ನಮ್ಮ ಹತ್ತಿರ ಇದೆ, ಸಾಲವೂ ನಮ್ಮ ಮೇಲಿದೆ, ಆದರೆ ವೆಂಡರ್ ಖಾತೆಗೆ ಹಾಕೋಕೆ ಬಿಲ್ ಇಲ್ಲ. ಆ ಮಧ್ಯದ ಸಾಲ ಕೂರೋ ಜಾಗ ಅದು. ಜಿಆರ್ ಆದಾಗ ಸ್ಟಾಕ್ ಡೆಬಿಟ್, ಜಿಆರ್‌ಐಆರ್ ಕ್ರೆಡಿಟ್. ಬಿಲ್ ಹಾಕಿದಾಗ ಜಿಆರ್‌ಐಆರ್ ಡೆಬಿಟ್, ವೆಂಡರ್ ಕ್ರೆಡಿಟ್. ಎರಡೂ ಸರಿಯಾಗಿ ಆದರೆ ಬಾಕಿ ಸೊನ್ನೆ. ಯಾವ ಕಂಪನಿಯ ಶಿಸ್ತು ಎಷ್ಟಿದೆ ಅಂತ ತಿಳೀಬೇಕಿದ್ರೆ ನಾನು ಮೊದಲು ತೆಗೆಯೋದೇ ಈ ಖಾತೆ. ಹಳೇ ಬಾಕಿಗಳು ಸಾಲುಸಾಲಾಗಿ ಬಿದ್ದಿದ್ದರೆ ಆಚೆ ಈಚೆ ನೋಡೋ ಅಗತ್ಯವೇ ಇಲ್ಲ.

ಜಿಆರ್‌ಎನ್ ತಾರೀಖು ಬರೀ ಸ್ಟೋರ್ಸ್‌ನ ವಿಷಯ ಅಂದ್ಕೋಬೇಡ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಮಾಲು ತಲುಪಿ 15 ದಿನದೊಳಗೆ ನೀವು ಬರವಣಿಗೆಯಲ್ಲಿ ತಕರಾರು ಮಾಡದಿದ್ದರೆ, ತಲುಪಿದ ದಿನವೇ ಒಪ್ಪಿದ ದಿನ. ಕ್ಯೂಸಿ ಮೂಲೇಲಿ ಡಬ್ಬಿ ತಿಂಗಳುಗಟ್ಟಲೆ ಕೂತಿತ್ತು ಅನ್ನೋದು ನೆಪ ಆಗಲ್ಲ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಂ ಬಂದ ಮೇಲೆ, ಗಡುವು ಮೀರಿದ ಬಾಕಿಯನ್ನ ನಿಜವಾಗಿ ಕೊಟ್ಟ ವರ್ಷವೇ ಖರ್ಚು ಅಂತ ತೋರಿಸಬೇಕು. ಇದು ಬಂದ ಮೇಲೇ ನಮ್ಮ ಎಂಡಿ ಮೊದಲ ಸಲ ಜಿಆರ್‌ಎನ್ ಅಂದ್ರೇನು ಅಂತ ಕೇಳಿದ್ದು!

ವಾಲ್ಡಾರ್ಫ್_ಕನ್ನಡಿಗ:
ರಾಯರೇ, ಒಂದು ಸಣ್ಣ ತಕರಾರು. ನೀವು ಕ್ಯೂಸಿ ಆದ ಮೇಲೆ ಜಿಆರ್‌ಎನ್ ಅನ್ನೋ ಹಾಗೆ ಬರೆದಿದ್ದೀರಿ. ಎಸ್‌ಎಪಿಯಲ್ಲಿ ಮಾಮೂಲಾಗಿ ಮೂವ್‌ಮೆಂಟ್ ಟೈಪ್ (ಮಾಲಿನ ಓಡಾಟಕ್ಕೆ ಕೊಟ್ಟ ಕೋಡ್) 101 ಹಾಕಿದ ತಕ್ಷಣ 480 ನಗವೂ ಕ್ವಾಲಿಟಿ ಸ್ಟಾಕ್‌ಗೆ ಹೋಗುತ್ತೆ, ಬೆಲೆಯೂ ಪುಸ್ತಕಕ್ಕೆ ಏರುತ್ತೆ. ಪ್ರೊಡಕ್ಷನ್‌ಗೆ ಕೊಡೋಕೆ ಆಗಲ್ಲ, ಅಷ್ಟೇ. ರಿಜೆಕ್ಟ್ ಆದದ್ದನ್ನ 122ರಲ್ಲಿ ವಾಪಸ್ ಕಳಿಸ್ತೀರಿ. ಪರೀಕ್ಷೆ ಮುಗಿಯೋವರೆಗೆ ಪುಸ್ತಕಕ್ಕೆ ಏರಲೇಬಾರದು ಅಂದರೆ 103ರಲ್ಲಿ ತಗೊಂಡು ಆಮೇಲೆ 105.

ಸ್ಟೋರ್ಸ್‌ರಾಯ:
ಗೊತ್ತು ಸ್ವಾಮಿ. 103 ಇಟ್ಟ ಕಡೆ ಮಾಲು ಸಿಸ್ಟಮ್‌ನಲ್ಲಿ ಕಾಣ್ತಿಲ್ಲ ಅಂತ ಪರ್ಚೇಸ್‌ನವರು ಎರಡನೇ ಪಿಒ ಹಾಕಿದ್ದನ್ನ ಕಣ್ಣಾರೆ ನೋಡಿದ್ದೀನಿ. ನನ್ನ ಓಟು 101ಕ್ಕೇ. ಕ್ಯೂಸಿಯವರು ಒಂದೆರಡು ದಿನದಲ್ಲಿ ನೋಡಿ ಮುಗಿಸಲಿ, ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ.

ಬೆಳಗಾವಿ_ಫೌಂಡ್ರಿ:
ನಮಸ್ಕಾರ್ರೀ ಎಲ್ಲಾರಿಗೂ. ನೀವೆಲ್ಲಾ ಮಾಲ್ ತರಸೋರ ಕಡೆಯಿಂದ ಮಾತಾಡಾಕತ್ತೀರಿ. ನಾವು ಕಾಸ್ಟಿಂಗ್ ಕೊಡೋರು, ಇನ್ನೊಂದ ಬದಿ ಹೇಳ್ತೇನಿ ಕೇಳ್ರಿ. ಈ ತಮ್ಮ ಜಾಬ್‌ವರ್ಕ್ ಅನ್ನೂದನ್ನ ಪಟ್ಟಿಯೊಳಗ ಹಾಕೇ ಇಲ್ಲ. ಪೀಣ್ಯದಾಗ ಇದ್ದು ಅದು ಗೊತ್ತಿರಲಿಲ್ಲಂದ್ರ ನಡೀತದೇನು?

ಕಾಸ್ಟಿಂಗ್ ನಿಮ್ಮದು, ಮಶೀನಿಂಗ್ ಹೊರಗ ಮಾಡಸ್ತೀರಿ. ಡೆಲಿವರಿ ಚಲನ್ ಮ್ಯಾಲೆ ಹೋಕ್ಕೈತಿ, ಇನ್‌ವಾಯ್ಸ್ ಇಲ್ಲ, ಯಾಕಂದ್ರ ಮಾರಾಟ ಆಗಿಲ್ಲ. ಮಾಲ್ ಅವರ ಶೆಡ್ಡಿನ್ಯಾಗ ಐತಿ, ಮಾಲಕಿ ನಿಮ್ಮದ. ಕಚ್ಚಾ ಮಾಲ್ ಒಂದು ವರ್ಷದಾಗ ವಾಪಸ್ ಬರಬೇಕು, ಮಶೀನಿನಂಥಾ ಕ್ಯಾಪಿಟಲ್ ಗೂಡ್ಸ್ ಮೂರು ವರ್ಷದಾಗ. ಬರಲಿಲ್ಲಂದ್ರ ಕಳಿಸಿದ ದಿನಾನ ಮಾರಿದ್ರಿ ಅಂತ ಜಿಎಸ್‌ಟಿ ಕಾನೂನು ಹಿಡೀತೈತಿ, ಬಡ್ಡಿ ಸಮೇತ. ಡೈ, ಮೋಲ್ಡ್, ಜಿಗ್ಗು, ಫಿಕ್ಸ್ಚರ್ ಇಂಥಾವಕ್ಕ ಮಾತ್ರ ಗಡುವಿಲ್ಲ. ಹಂಗಂತ ಗಿರಾಕಿ ಮರತಬಿಡ್ತಾರ. ನಮ್ಮ ಪ್ಯಾಟರ್ನ್ ರೂಮಿನ್ಯಾಗ ಯಾವದೋ ಕಾಲದ ಕಟ್ಟಿಗಿ ಪ್ಯಾಟರ್ನ್ ಧೂಳ ಹಿಡದ ಕುಂತಾವ್ರಿ, ಮ್ಯಾಲೆ ಬಣ್ಣದಾಗ ಬರದ ಪಾರ್ಟ್ ನಂಬರ್ ಅಳಿಸಿ ಹೋಗ್ಯಾವ. ಅವರ ಸಿಸ್ಟಮ್‌ನ್ಯಾಗ ಅವು ಅದಾವೋ ಇಲ್ಲೋ ದೇವರ ಬಲ್ಲ.

ಹೊಸಬ_ಪರ್ಚೇಸ್:
ತುಂಬಾ ಥ್ಯಾಂಕ್ಸ್ ರಾಯರೇ, ಅಕ್ಕ, ಅಣ್ಣ. ಗೇಟ್ ಎಂಟ್ರಿಯಿಂದ ಬಿಲ್‌ವರೆಗೆ ಈಗ ಕಣ್ಣಿಗೆ ಕಟ್ಟಿತು. ಆದರೆ ಎಂಆರ್‌ಪಿ ರನ್, ರಿಆರ್ಡರ್ ಪಾಯಿಂಟ್, ಸೇಫ್ಟಿ ಸ್ಟಾಕ್ ಇವು ಗೇಟಿನ ಹತ್ತಿರ ನಿಂತರೆ ಕಾಣಲ್ಲವಲ್ಲ? ಮೀಟಿಂಗ್‌ನಲ್ಲಿ ಜಾಸ್ತಿ ಜಗಳ ಆಗೋದೇ ಇವುಗಳ ಮೇಲೆ.

ವಾಲ್ಡಾರ್ಫ್_ಕನ್ನಡಿಗ:
ಇದು ನನ್ನ ಅನ್ನದ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ಎಂಆರ್‌ಪಿ ಅಂದ್ರೆ ಇಲ್ಲಿ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್, ಡಬ್ಬಿ ಮೇಲಿನ ಬೆಲೆ ಅಲ್ಲ. ಅದು ಮಾಡೋದು ಕೂಡೋ ಕಳೆಯೋ ಲೆಕ್ಕ. 300 ಪಂಪ್ ಮಾಡಬೇಕು, ಬಿಒಎಂ (ಬಿಡಿಭಾಗಗಳ ಪಟ್ಟಿ) ಪ್ರಕಾರ ಪಂಪಿಗೆ 4 ಬೋಲ್ಟ್. ಬೇಕಾದದ್ದು 1,200. ಸ್ಟಾಕ್ 350, ಬರಬೇಕಾದ ಪಿಒ 400. ನಿವ್ವಳ ಅಗತ್ಯ 450. ವೆಂಡರ್ 1,000ಕ್ಕಿಂತ ಕಡಿಮೆ ಕೊಡಲ್ಲ ಅಂದರೆ, ಆ ಎಂಒಕ್ಯೂ (ಕನಿಷ್ಠ ಆರ್ಡರ್ ಪ್ರಮಾಣ) ಮಾಸ್ಟರ್‌ನಲ್ಲಿ, ಅಂದ್ರೆ ಪ್ರತಿ ಐಟಮ್‌ನ ಮೂಲ ಮಾಹಿತಿ ಇಟ್ಟ ಕಡೆ, ಇದ್ದರೆ, ಸಿಸ್ಟಮ್ 1,000ಕ್ಕೆ ಪಿಆರ್ ಎತ್ತುತ್ತೆ. ಆಮೇಲೆ ಯಾವತ್ತು ಬೇಕು ಅನ್ನೋ ತಾರೀಖಿನಿಂದ ಲೀಡ್ ಟೈಮ್ (ಆರ್ಡರ್‌ನಿಂದ ಮಾಲು ಕೈಸೇರೋವರೆಗಿನ ದಿನಗಳು) ಹಿಂದಕ್ಕೆ ಎಣಿಸಿ ಯಾವತ್ತು ಆರ್ಡರ್ ಮಾಡಬೇಕು ಅಂತ ಹೇಳುತ್ತೆ. ಐಬಿಎಂನ ಜೋಸೆಫ್ ಓರ್ಲಿಕಿ 1960ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟರು, 1964ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಮೊದಲು ಅಳವಡಿಸಿಕೊಂಡಿತು. ಎಸ್‌ಎಪಿ ಹುಟ್ಟಿದ್ದೇ 1972ರಲ್ಲಿ, ಐಬಿಎಂ ಬಿಟ್ಟು ಬಂದ ಐವರಿಂದ. ಇಆರ್‌ಪಿ ಅನ್ನೋ ಹೆಸರನ್ನ ಗಾರ್ಟ್ನರ್ ಇಟ್ಟದ್ದು 1990ರ ಸುಮಾರಿಗೆ. ಆದರೆ ಇವತ್ತು ರಾತ್ರಿ ನಿಮ್ಮಲ್ಲಿ ಓಡೋ ಎಂಆರ್‌ಪಿಯ ಎಲುಬು ಅದೇ ಹಳೇ ಲೆಕ್ಕ.

ಲೆಕ್ಕ ಸರಿಯಾಗೇ ಇರುತ್ತೆ. ಸುಳ್ಳು ಇರೋದು ಮಾಸ್ಟರ್ ಡೇಟಾದಲ್ಲಿ, ಅದರಲ್ಲೂ ಲೀಡ್ ಟೈಮ್‌ನಲ್ಲಿ. ವೆಂಡರ್‌ನ ಕೇಳಿದರೆ ‘ಹದಿನೈದು ದಿನ ಸಾರ್’ ಅಂತಾನೆ. ಅದು ಅವನ ಮಶೀನ್ ಮೇಲಿನ ದಿನಗಳು. ಪಿಆರ್ ಮ್ಯಾನೇಜರ್ ಟೇಬಲ್ ಮೇಲೆ ಕೂತ ದಿನ, ಗಾಡಿ ಫುಲ್ ಆಗ್ಲಿ ಅಂತ ಕಾದ ದಿನ, ಕ್ಯೂಸಿ ಮೂಲೆಯ ದಿನ, ಯಾವುದೂ ಅದರಲ್ಲಿಲ್ಲ. ಎಸ್‌ಎಪಿಯಲ್ಲಿ ಇದಕ್ಕೆಲ್ಲ ಬೇರೆಬೇರೆ ಮನೆ ಇದೆ. ಪ್ಲ್ಯಾನ್ಡ್ ಡೆಲಿವರಿ ಟೈಮ್ ಕ್ಯಾಲೆಂಡರ್ ದಿನಗಳಲ್ಲಿ, ಜಿಆರ್ ಪ್ರಾಸೆಸಿಂಗ್ ಟೈಮ್ ಕೆಲಸದ ದಿನಗಳಲ್ಲಿ. ಈ ವ್ಯತ್ಯಾಸ ಗೊತ್ತಿಲ್ಲದೆ ಎಕ್ಸೆಲ್‌ನಿಂದ ಎತ್ತಿ ಸುರಿದವರು ಬಹಳ.

ರಾಯರ ಸೀಲ್‌ಗೇ ಬರೋಣ. ದಿನಕ್ಕೆ 40 ಖರ್ಚು, ಲೀಡ್ ಟೈಮ್ 16 ದಿನ. ದಿನದ ಖರ್ಚಿನ ಏರಿಳಿತ, ಸ್ಟ್ಯಾಂಡರ್ಡ್ ಡೀವಿಯೇಷನ್, 12 ಅಂದ್ಕೊಳ್ಳಿ. 95 ಪರ್ಸೆಂಟ್ ಸರ್ವಿಸ್ ಲೆವೆಲ್‌ಗೆ (ನೂರರಲ್ಲಿ 95 ಸಲ ಸ್ಟಾಕ್ ಮುಗಿಯಬಾರದು ಅಂತ) 1.65 ಗುಣಿಸು 12 ಗುಣಿಸು 16ರ ವರ್ಗಮೂಲ, ಸುಮಾರು 80. ಇದು ಸೇಫ್ಟಿ ಸ್ಟಾಕ್, ಏರಿಳಿತಕ್ಕೆ ಅಂತ ಇಟ್ಟ ಹೆಚ್ಚುವರಿ. ರಿಆರ್ಡರ್ ಪಾಯಿಂಟ್, ಅಂದರೆ ಸ್ಟಾಕ್ ಎಷ್ಟಕ್ಕೆ ಇಳಿದಾಗ ಆರ್ಡರ್ ಹಾಕಬೇಕು ಅನ್ನೋ ಅಂಕಿ, 16 ದಿನದ ಖರ್ಚು 640 ಕೂಡಿಸು 80, ಅಂದರೆ 720. ಚೆನ್ನಾಗಿದೆ. ಆದರೆ ಮಾಲು ನಿಜವಾಗಿ ಬಂದದ್ದು 24ನೇ ದಿನ. 720 ನಗ 18 ದಿನಕ್ಕೆ ಖಾಲಿ. ಆರು ದಿನ ಅಸೆಂಬ್ಲಿ ಲೈನ್‌ನವರು ಕೈಕಟ್ಟಿ ಕೂರಬೇಕು.

ಪಠ್ಯದ ಸೂತ್ರ ಬಳಸೋರು ಮರೆಯೋದು ಇದನ್ನೇ: ಲೀಡ್ ಟೈಮೇ 5 ದಿನ ಆಚೆ ಈಚೆ ಆಡುತ್ತೆ ಅಂತ ಲೆಕ್ಕಕ್ಕೆ ತಗೊಂಡರೆ ಅದೇ ಸರ್ವಿಸ್ ಲೆವೆಲ್‌ಗೆ ಸೇಫ್ಟಿ ಸ್ಟಾಕ್ 80 ಅಲ್ಲ, ಸುಮಾರು 340. ಗಿರಾಕಿಯ ಬೇಡಿಕೆ ಏರಿಳಿತಕ್ಕಿಂತ ವೆಂಡರ್‌ನ ತಾರೀಖು ಏರಿಳಿತಕ್ಕೇ ಹೆಚ್ಚು ದುಡ್ಡು ಗೋಡೌನ್‌ನಲ್ಲಿ ಕೂರುತ್ತೆ. ಆದರೂ ಮೀಟಿಂಗ್‌ನಲ್ಲಿ ಎಲ್ಲರೂ ಫೋರ್‌ಕಾಸ್ಟ್ ಸಾಫ್ಟ್‌ವೇರ್ ಬೇಕು ಅಂತಾರೆ, ವೆಂಡರ್ ತಾರೀಖು ಯಾಕೆ ಜಾರುತ್ತೆ ಅಂತ ಯಾರೂ ಕೇಳಲ್ಲ.

ಸ್ಟೋರ್ಸ್‌ರಾಯ:
ಇದನ್ನ ಫ್ರೇಮ್ ಹಾಕಿಸಿ ನಮ್ಮ ಪ್ಲ್ಯಾನಿಂಗ್ ರೂಮಲ್ಲಿ ನೇತು ಹಾಕ್ತೀನಿ. ಆದರೆ 340 ಇಡಿ ಅಂದ್ರೆ ಜಸ್ಟ್ ಇನ್ ಟೈಮ್ ಅಂತ ಭಾಷಣ ಮಾಡೋರು ಮೇಲೆ ಬೀಳ್ತಾರಲ್ಲ? ‘ಬಿಡದಿಯಲ್ಲಿ ಟೊಯೋಟಾದವರು ಗಂಟೆ ಲೆಕ್ಕದಲ್ಲಿ ತರಿಸ್ಕೋತಾರೆ, ನಿಮಗ್ಯಾಕೆ ಇಷ್ಟು ಸ್ಟಾಕ್’ ಅಂತ.

ಬೆಳಗಾವಿ_ಫೌಂಡ್ರಿ:
ಅವರು ತಿಂಗಳ ಪ್ಲ್ಯಾನ್ ಸಪಾಟ್ ಇಡ್ತಾರ್ರೀ, ವೆಂಡರ್‌ನ ಪಕ್ಕದಾಗ ಕುಂಡ್ರಿಸ್ಕೋತಾರ, ಅದಕ್ಕ ಕಾನ್‌ಬಾನ್ (ಖಾಲಿ ಆದಷ್ಟ ತರಸೋ ಪದ್ಧತಿ) ನಡೀತೈತಿ. ನಮ್ಮ ಗಿರಾಕಿ ಈ ತಿಂಗಳ 200 ಅಂತಾರ, ಮುಂದಿನ ತಿಂಗಳ 900, ಅದರ ಮುಂದ ಫೋನ್ ಎತ್ತಂಗಿಲ್ಲ. ಅಂಗಡ್ಯಾಗ ಪಂಪ್ ಮಾರಾಟ ಶೇ 10 ಏರಿದ್ರ ಡೀಲರ್ 20 ಜಾಸ್ತಿ ಕೇಳ್ತಾನ, ಕಂಪನಿ 40 ಅಂತೈತಿ, ನಮ್ಮ ಹತ್ರ ಬರೂದ್ರಾಗ ದುಪ್ಪಟ್ಟು. ನಾವು ಸರಪಳಿ ಬಾಲದಾಗ ಇರೋರು, ಬೀಸಿದಾಗ ಹೆಚ್ಚು ಅಲಗಾಡೂದು ನಾವ.

ವಾಲ್ಡಾರ್ಫ್_ಕನ್ನಡಿಗ:
ಅಣ್ಣ, ನೀವು ಹೇಳಿದ್ದೇ ಬುಲ್‌ವಿಪ್ ಎಫೆಕ್ಟ್. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಡೈಪರ್ ಆರ್ಡರ್‌ಗಳಲ್ಲಿ ಇದನ್ನೇ ಕಂಡು ತಲೆ ಕೆರ್ಕೊಂಡಿದ್ದರು, ಮಕ್ಕಳ ಬಳಕೆ ತಿಂಗಳಿಂದ ತಿಂಗಳಿಗೆ ಹಾಗೆ ಏರಿಳಿಯಲ್ಲವಲ್ಲ! 1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಮೂವರು ಇದಕ್ಕೆ ನಾಲ್ಕು ಕಾರಣ ಬಿಡಿಸಿಟ್ಟರು: ಕೆಳಗಿನವರ ಆರ್ಡರ್ ನೋಡಿ ಫೋರ್‌ಕಾಸ್ಟ್ ತಿದ್ದೋದು, ಒಟ್ಟುಗೂಡಿಸಿ ದೊಡ್ಡ ಆರ್ಡರ್ ಹಾಕೋದು, ಆಫರ್ ಬಂದಾಗ ಮುಗಿಬೀಳೋದು, ಕೊರತೆ ಇದೆ ಅಂದಾಗ ಬೇಕಾದ್ದಕ್ಕಿಂತ ಜಾಸ್ತಿ ಕೇಳೋದು. ಕೊನೇದನ್ನ 2021ರ ಚಿಪ್ ಕೊರತೆಯಲ್ಲಿ ಎಲ್ಲರೂ ನೋಡಿದ್ವಿ. ಕಾರ್ ಕಂಪನಿಗಳು 2020ರಲ್ಲಿ ಆರ್ಡರ್ ಕತ್ತರಿಸಿದವು, ಬೇಡಿಕೆ ವಾಪಸ್ ಬಂದಾಗ ಸಾಲಿನ ಕೊನೆಯಲ್ಲಿ ನಿಂತವು.

ಕುಡ್ಲ_ಶಿಪ್ಪಿಂಗ್:
ನಾನು ಮಂಗಳೂರಿನಲ್ಲಿ ಕಾಫಿ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ ನೋಡುವವ. ಎಫ್‌ಒಬಿ, ಸಿಐಎಫ್ ಅಂತ ವಿದೇಶಿ ವ್ಯಾಪಾರದ ಷರತ್ತುಗಳ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ ಮಾರಾಯ್ರೇ? ರಾಯರ ಆ ಮೂರು ಪ್ರಶ್ನೆ ಇಲ್ಲಿ ಎಷ್ಟು ಚಂದ ಕೂತ್ಕೊಳ್ತದೆ ನೋಡಿ.

ಇನ್‌ಕೋಟರ್ಮ್ಸ್ ಅಂತ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ (ಐಸಿಸಿ) 1936ರಿಂದ ಹೊರಡಿಸ್ತಾ ಬಂದದ್ದು, ಈಗ ಇರುವುದು 2020ರದ್ದು, ಒಟ್ಟು 11 ನಿಯಮ. ಹೊಸಬರು ಎಡವುವುದು ಸಿಐಎಫ್‌ನಲ್ಲಿ. ಹಡಗಿನ ಬಾಡಿಗೆ, ಇನ್ಶೂರೆನ್ಸ್ ನಾವು ಕೊಡ್ತೇವೆ, ಹಾಗಾಗಿ ಆಚೆ ಬಂದರು ತಲುಪುವವರೆಗೆ ಜವಾಬ್ದಾರಿಯೂ ನಮ್ಮದು ಅಂತ ತಿಳ್ಕೊಳ್ತಾರೆ. ಅಲ್ಲ. ಇಲ್ಲಿ ಹಡಗಿಗೆ ಏರಿದ ಕೂಡ್ಲೇ ರಿಸ್ಕ್ ಖರೀದಿದಾರನದ್ದು. ಖರ್ಚು ಒಂದು ಕಡೆ ನಿಲ್ತದೆ, ರಿಸ್ಕ್ ಇನ್ನೊಂದು ಕಡೆ. 20 ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ ತುಂಬಿ ಕಳಿಸ್ತೇವೆ, 19.2 ಟನ್. ದಾರಿಯಲ್ಲಿ ಚಾವಣಿ ಬೆವರಿ ಮೇಲಿನ ಸಾಲಿನ ಚೀಲ ಒದ್ದೆಯಾಗಿ ಬೂಷ್ಟು ಬಂತು ಅಂತ ಫೋಟೋ ಬರ್ತದೆ. ಆಗ ಮೊದಲ ಪ್ರಶ್ನೆ ಯಾವ ಟರ್ಮ್ ಅಂತ. ಎರಡನೇದು, ತುಂಬುವಾಗ ಒಳಗೆ ಕ್ರಾಫ್ಟ್ ಪೇಪರ್ ಹೊದಿಸಿದ್ರಾ, ಡ್ರೈ ಬ್ಯಾಗ್ ನೇತು ಹಾಕಿದ್ರಾ ಅಂತ. ಪ್ಯಾಕಿಂಗೇ ಸರಿ ಇಲ್ಲದಿದ್ರೆ ಯಾವ ಟರ್ಮ್ ಕೂಡ ನಿಮ್ಮನ್ನು ಉಳಿಸುದಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು. ನಿಮ್ಮ ಪಂಪ್ ಎಕ್ಸ್‌ಪೋರ್ಟ್ ಆದ್ರೆ ಕಂಟೇನರ್‌ನ್ನು ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೋ) ಕೊಟ್ಟು ಬಿಡ್ತೀರಿ, ಅದು ರೈಲಿನಲ್ಲಿ ಚೆನ್ನೈಗೆ ಹೋಗ್ತದೆ. ಆದ್ರೂ ಇನ್‌ವಾಯ್ಸ್‌ನಲ್ಲಿ ಎಫ್‌ಒಬಿ ಚೆನ್ನೈ ಅಂತ ಅಭ್ಯಾಸಬಲದಿಂದ ಬರೀತಾರೆ. ಆಗ ಕೈಬಿಟ್ಟ ಮೇಲೂ ಹಡಗಿಗೆ ಏರುವವರೆಗೆ ರಿಸ್ಕ್ ನಿಮ್ಮ ತಲೆ ಮೇಲೆಯೇ ಉಂಟು. ಕಂಟೇನರ್ ಮಾಲಿಗೆ ಎಫ್‌ಸಿಎ, ಅಂದ್ರೆ ಸಾಗಣೆದಾರನ ಕೈಗೆ ಕೊಟ್ಟಲ್ಲಿಗೆ ರಿಸ್ಕ್ ದಾಟುವ ಟರ್ಮ್, ಸರಿ ಅಂತ ಐಸಿಸಿಯವರೇ ಹೇಳ್ತಾರೆ.

ಲೆಕ್ಕದಕ್ಕ:
ಇದಕ್ಕೆ ಸೇರಿಸಿ: ಆಮದು ಮಾಡೋವಾಗ ಫ್ರೈಟ್, ಇನ್ಶೂರೆನ್ಸ್, ಕಸ್ಟಮ್ಸ್ ಡ್ಯೂಟಿ, ಕ್ಲಿಯರಿಂಗ್ ಏಜೆಂಟ್ ಖರ್ಚು ಎಲ್ಲ ಮಾಲಿನ ಬೆಲೆಗೆ ಏರಿದರೆ ಲ್ಯಾಂಡೆಡ್ ಕಾಸ್ಟ್. ಆಮದಿನ ಮೇಲೆ ಕಟ್ಟಿ ಆಮೇಲೆ ಕ್ರೆಡಿಟ್ ಸಿಗೋ ಐಜಿಎಸ್‌ಟಿ ಮಾತ್ರ ಏರಬಾರದು. ಅಗ್ಗ ಅಂತ ತರಿಸಿದ ಚೀನಾ ಬೇರಿಂಗ್ ಸ್ಟೋರ್ಸ್ ಸೇರೋ ಹೊತ್ತಿಗೆ ಅಗ್ಗ ಇರಲ್ಲ.

ಬೆಲೆ ಕಟ್ಟೋ ರೀತಿ ಚಿಲ್ಲರೆ ವಿಷಯ ಅನ್ನೋರಿಗೆ ಜರ್ಮನಿಯ ಸೂಪರ್‌ಮಾರ್ಕೆಟ್ ಸರಣಿ ಲಿಡ್ಲ್ ಕಥೆ ಹೇಳಿ ವಾಲ್ಡಾರ್ಫ್ ಕನ್ನಡಿಗರೇ, ನಿಮ್ಮ ಊರ ಕಡೇದೇ ಅಲ್ವಾ.

ವಾಲ್ಡಾರ್ಫ್_ಕನ್ನಡಿಗ:
ಹೌದಕ್ಕ, ಪಕ್ಕದೂರಿನವರೇ. ಲಿಡ್ಲ್‌ನವರು 2011ರಲ್ಲಿ ಶುರು ಮಾಡಿದ ಎಸ್‌ಎಪಿ ಯೋಜನೆಯನ್ನ 2018ರಲ್ಲಿ ಕೈಬಿಟ್ಟರು. ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಪತ್ರಿಕೆಗಳಲ್ಲಿ ಬಂತು. ಬಹಳ ಚರ್ಚೆಯಾದ ಕಾರಣ ಒಂದೇ: ಅವರು ಸ್ಟಾಕ್‌ಗೆ ಬೆಲೆ ಕಟ್ಟುತ್ತಿದ್ದದ್ದು ಕೊಂಡ ದರದಲ್ಲಿ, ರೀಟೇಲ್ ಸಾಫ್ಟ್‌ವೇರ್‌ನ ವಾಡಿಕೆ ಮಾರೋ ದರದಲ್ಲಿ. ತಮ್ಮ ಪದ್ಧತಿ ಬಿಡೋಕೆ ಒಪ್ಪದೆ ಸಾಫ್ಟ್‌ವೇರನ್ನೇ ಬಗ್ಗಿಸ್ತಾ ಹೋದರು. ಅದು ಬಗ್ಗಿದಷ್ಟೂ ನಿಧಾನ ಆಯ್ತು, ದುಬಾರಿ ಆಯ್ತು. ನಿಮ್ಮ ಮೀಟಿಂಗ್‌ನಲ್ಲಿ ಯಾರಾದರೂ ‘ಇದೊಂದು ಸಣ್ಣ ಕಸ್ಟಮೈಸೇಷನ್’ ಅಂದಾಗ ನೆನಪಿಟ್ಕೋ.

ಹೊಸಬ_ಪರ್ಚೇಸ್:
ರಾಯರು ಹೇಳಿದ ಹಾಗೆ ಇವತ್ತು ಗೇಟಿನ ಹತ್ತಿರ ನಿಂತಿದ್ದೆ. ಆಮೇಲೆ ಕನ್ಸಲ್ಟೆಂಟ್‌ಗೆ ಕೊಡೋಕೆ ಸಿದ್ಧ ಮಾಡಿರೋ ಮೆಟೀರಿಯಲ್ ಮಾಸ್ಟರ್ ಎಕ್ಸೆಲ್ ತೆಗೆದು ನೋಡಿದೆ. ಲೀಡ್ ಟೈಮ್ ಕಾಲಮ್‌ನಲ್ಲಿ ಬೋಲ್ಟ್‌ನಿಂದ ಇಂಪೋರ್ಟೆಡ್ ಬೇರಿಂಗ್‌ವರೆಗೆ ಎಲ್ಲದಕ್ಕೂ 7 ಅಂತಿದೆ! ಕೇಳಿದರೆ ‘ಈಗ ಏನೋ ಒಂದು ತುಂಬು, ಗೋ ಲೈವ್ ಆದ ಮೇಲೆ ನೋಡೋಣ’ ಅಂದರು, ಅಂದ್ರೆ ಹೊಸ ಸಿಸ್ಟಮ್ ಶುರುವಾದ ಮೇಲೆ. ಏನು ಮಾಡಲಿ?

ಸ್ಟೋರ್ಸ್‌ರಾಯ:
ಎಲ್ಲ ಐಟಮ್ ತಿದ್ದೋಕೆ ಹೋಗಬೇಡ, ಮುಗಿಯಲ್ಲ. ಎಬಿಸಿ ಹಾಕು. ವರ್ಷದ ಖರೀದಿ ಮೌಲ್ಯದ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ ಮೇಲಿನ ಎ ಗುಂಪು ಮೊದಲು ತಗೋ. ಅದರ ಜೊತೆಗೆ ಅಗ್ಗವಾದರೂ ಇಲ್ಲದಿದ್ದರೆ ಲೈನ್ ನಿಲ್ಲಿಸೋ ಐಟಮ್‌ಗಳು, ನಿಮ್ಮಲ್ಲಿ ಸೀಲ್, ಓ ರಿಂಗ್ ಥರದವು. ಅವುಗಳ ಹಳೇ ಪಿಒ ತಾರೀಖು, ಜಿಆರ್‌ಎನ್ ತಾರೀಖು ಟ್ಯಾಲಿಯಲ್ಲೇ ಇರುತ್ತೆ. ಕಳೆದು ನೋಡಿದರೆ ನಿಜವಾದ ಲೀಡ್ ಟೈಮ್ ಸಿಗುತ್ತೆ. ವೆಂಡರ್‌ನ ಕೇಳಬೇಡ, ಕಾಗದ ಕೇಳು.

ವಾಲ್ಡಾರ್ಫ್_ಕನ್ನಡಿಗ:
ಜೊತೆಗೆ ಕಟ್‌ಓವರ್‌ಗೆ (ಹಳೇದರಿಂದ ಹೊಸ ಸಿಸ್ಟಮ್‌ಗೆ ದಾಟೋದಕ್ಕೆ) ಎರಡು ಪಟ್ಟಿ ಬೇರೆ ಮಾಡಿ ಇಟ್ಕೋ. ಒಂದು, ಓಪನ್ ಪಿಒ. 1,000ಕ್ಕೆ ಹಾಕಿದ ಪಿಒದಲ್ಲಿ 600 ಆಗಲೇ ಬಂದಿದ್ದರೆ ಹೊಸ ಸಿಸ್ಟಮ್‌ಗೆ ಹೋಗಬೇಕಾದ್ದು ಬಾಕಿ 400 ಮಾತ್ರ. ಇಡೀ 1,000 ಹಾಕಿದರೆ ಎಂಆರ್‌ಪಿ ಬರದೇ ಇರೋ ಮಾಲನ್ನ ನಂಬಿ ಸುಮ್ಮನೆ ಕೂರುತ್ತೆ. ಎರಡು, ಬೆಳಗಾವಿ ಅಣ್ಣ ಹೇಳಿದ ಜಾಬ್‌ವರ್ಕ್ ಸ್ಟಾಕ್. ಓಪನಿಂಗ್ ಸ್ಟಾಕ್‌ನ ಮೂವ್‌ಮೆಂಟ್ ಟೈಪ್ 561ರಲ್ಲಿ ಹಾಕೋವಾಗ ನಿಮ್ಮ ಗೋಡೌನ್‌ನದ್ದು ಮಾತ್ರ ಎಣಿಸ್ತಾರೆ. ಮಶೀನಿಂಗ್, ಪ್ಲೇಟಿಂಗ್‌ನವರ ಹತ್ತಿರ ಇರೋದನ್ನ ವೆಂಡರ್‌ವಾರು ಬೇರೆಯಾಗಿ ಏರಿಸಬೇಕು.

ಬೆಳಗಾವಿ_ಫೌಂಡ್ರಿ:
ತಮ್ಮಾ, ವೆಂಡರ್‌ಗೆ ಫೋನ್ ಮಾಡಿ ಎಷ್ಟೈತಿ ಅಂತ ಕೇಳಬ್ಯಾಡ, ಅವನೂ ಅಂದಾಜಿನ್ಯಾಗ ಹೇಳ್ತಾನ. ಚಲನ್ ಫೈಲ್ ಹಿಡಕೊಂಡ ಹೋಗು, ಅವನ ಶೆಡ್ಡಿನ್ಯಾಗ ನಿಂತ ಎಣಿಸು, ಇಬ್ಬರೂ ಸಹಿ ಹಾಕ್ರಿ.

ಹೊಸಬ_ಪರ್ಚೇಸ್:
ಸರಿ ಅಣ್ಣ. ಶನಿವಾರ ಪ್ಲೇಟಿಂಗ್‌ನವರ ಹತ್ತಿರ ಹೋಗ್ತೀನಿ. ಆಪರೇಟರ್‌ಗಳು ಮಧ್ಯಾಹ್ನ ಎರಡಕ್ಕೇ ಹೊರಟುಬಿಡ್ತಾರಂತೆ, ಬೆಳಗ್ಗೇನೇ ಹೋಗಬೇಕು.